ಲಿಂಗಕ್ಕೆ ತೋರಿಸಿದ ಔಷಧ

ಗದಗಿನ ನಿಲ್ದಾಣದಲ್ಲಿ, ಮುಳಗುಂದದ ಮೇಲೆ ನೇರವಾಗಿ ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿ ನಿಂತಿತ್ತು. ಕಿಟಕಿಯ ಪಕ್ಕದ ಸೀಟೂ ಖಾಲಿ ಇತ್ತು. ಶೈಲಾ ಅದನ್ನು ಬಿಟ್ಟು ಶಿರಹಟ್ಟಿಯ ಮೇಲೆ ಸುತ್ತಿ ಹೋಗುವ ಬಸ್ಸು ಹತ್ತಿದಳು. ಕೂತ ಮೇಲೆ, ಆ ಬಸ್ಸಿನಲ್ಲಿ ಜನ ಜಾಸ್ತಿ ಇದ್ದರು, ಉಸಿರು ಕಟ್ಟುವ ಹಾಗಿತ್ತು ಎಂದು ತನಗೆ ತಾನೇ ಒಂದು ಕಾರಣ ಹೇಳಿಕೊಂಡಳು. ಜನ ಇರಲಿಲ್ಲ. ಬೇಗ ಹೋಗಿ ಮುಟ್ಟುವುದು ಅವಳಿಗೆ ಬೇಕಿರಲಿಲ್ಲ, ಅಷ್ಟೇ. ಲಕ್ಷ್ಮೇಶ್ವರಕ್ಕೆ ಹೆಂಗಸರ ಉಚಿತ ಟಿಕೇಟು ಕೊಡಲು ಆಧಾರ್ ಕಾರ್ಡು ನೋಡಿದ ಕಂಡಕ್ಟರು, "ಲಕ್ಷ್ಮೇಶ್ವರಕ್ಕ ಹೋಗೋರು ಆ ಗಾಡಿಗೆ ಹೋಗ್ರಿ ಅಕ್ಕಾರ, ಇದು ಸುತ್ತ ಹಾಕಿ ಹೊಕ್ಕೈತಿ" ಎಂದ. "ಇರ್ಲಿ, ನನಗ ಶಿರಹಟ್ಟ್ಯಾಗ ಸ್ವಲ್ಪ ಕೆಲಸ ಐತಿ" ಎಂದಳು. ಶಿರಹಟ್ಟಿಯಲ್ಲಿ ಅವಳಿಗೆ ಯಾವ ಕೆಲಸವೂ ಇರಲಿಲ್ಲ. ಇತ್ತೀಚೆಗೆ ಇಂಥ ಸಣ್ಣ ಸುಳ್ಳುಗಳು ಬಾಯಿಗೆ ಸಲೀಸಾಗಿ ಬರುತ್ತಿದ್ದವು, ಅದಕ್ಕೆ ಅವಳಿಗೆ ಆಶ್ಚರ್ಯವೂ ಆಗುತ್ತಿರಲಿಲ್ಲ.

ಬೆಳಿಗ್ಗೆ ಕಾಲೇಜಿನ ಪ್ರಯೋಗಾಲಯದಲ್ಲಿ ಫ್ಲಾಸ್ಕುಗಳನ್ನು ಅಲುಗಾಡಿಸುವ ಯಂತ್ರದ ಮುಂದೆ ನಿಂತಿದ್ದಾಗ ವಾರಗಿತ್ತಿ ನೇತ್ರಾಳ ಫೋನು ಬಂತು. ನೇತ್ರಾ ಮನೆಯ ಹಿರಿಯ ಸೊಸೆ. ಅತ್ತೆ ನೀಲಗಂಗವ್ವ ಅವಳ ಜೊತೆ ಲಕ್ಷ್ಮೇಶ್ವರದಲ್ಲಿರುತ್ತಾಳೆ. ನೇತ್ರಾ ಸುಮ್ಮಸುಮ್ಮನೆ ಫೋನು ಮಾಡುವ ಪೈಕಿ ಅಲ್ಲ. "ಶೈಲಾ, ನಿನಗ ಹೇಳಬೇಕೋ ಬ್ಯಾಡೋ ಅಂತ ನೋಡಾಕತ್ತಿದ್ದೆ. ಅತ್ತಿ ಇನ್ಸುಲಿನ್ ಸೂಜಿ ಬಿಟ್ಟು ಭಾಳ ದಿನ ಆತು. ಕೇಳಿದ್ರ, ಶೈಲಾಗ ಗೊತ್ತೈತಿ, ನೀ ಸುಮ್ನಿರು ಅಂತಾರ. ಚಪ್ಪಲಿ ಕಡಿದು ಕಾಲಬೆರಳಿಗೆ ಗಾಯ ಆಗಿತ್ತು, ಈಗ ಅದು ಕರ್ರಗಾಗೈತಿ. ಖರೇನ ನಿನಗ ಗೊತ್ತೈತೇನು?" ಶೈಲಾ, "ಬರ್ತೀನ್ರಿ ಅಕ್ಕಾ, ಈಗ ಹೊಂಟೆ" ಎಂದಳು. ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ ಎಂದು ಇಬ್ಬರಿಗೂ ತಿಳಿಯಿತು. ಫೋನಿಟ್ಟ ಮೇಲೂ ಅವಳು ಸ್ವಲ್ಪ ಹೊತ್ತು ಫ್ಲಾಸ್ಕುಗಳನ್ನೇ ನೋಡುತ್ತ ನಿಂತಳು. ಒಳಗಿನ ನೀರು ಕಲಕಿ ಮಬ್ಬಾಗಿತ್ತು, ಅಂದರೆ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆದಿತ್ತು. ಸಹಾಯಕಿಗೆ ಹೇಳಿ ಚೀಲ ಎತ್ತಿಕೊಂಡು ಹೊರಟಳು.

ಬಸ್ಸು ಊರು ದಾಟಿತು. ಎರಡೂ ಕಡೆ ಎರೆ ಹೊಲ, ಹೆಸರುಕಾಳಿನ ಬೆಳೆ ಕಿತ್ತಾದ ಮೇಲಿನ ಬೋಳು ಸಾಲು. ಈ ಸಂಶೋಧನೆಯ ಕೆಲಸಕ್ಕೆ ಬಿದ್ದು ಎಷ್ಟು ವರ್ಷವಾಯಿತೆಂದು ಯಾರಾದರೂ ಕೇಳಿದರೆ ಅವಳು ಮಾತು ಬದಲಿಸುತ್ತಾಳೆ. ರಕ್ತದಲ್ಲಿನ ಸಕ್ಕರೆ ಯಕೃತ್ತಿನ ಜೀವಕೋಶದೊಳಕ್ಕೆ ಬಂದಾಗ ಅದನ್ನು ಹಿಡಿದು, ಅದಕ್ಕೊಂದು ಫಾಸ್ಫೇಟು ಅಂಟಿಸಿ, ತಿರುಗಿ ಹೊರಗೆ ಹೋಗದಂತೆ ಮಾಡುವ ಒಂದು ಕಿಣ್ವ ಉಂಟು. ಸಕ್ಕರೆ ಕಾಯಿಲೆಯವರಲ್ಲಿ ಅದು ಸೋತಿರುತ್ತದೆ. ಸೋತಿದ್ದರೆ ಹೊರಗಿನಿಂದ ಕೊಡೋಣವೆಂದರೆ ಜೀವಕೋಶ ಪರಕೀಯ ಪ್ರೋಟೀನನ್ನು ಒಳಗೆ ಬಿಡುವುದಿಲ್ಲ. ಅದಕ್ಕೇ ಆ ಕಿಣ್ವದ ಜೀನಿಗೆ ಇನ್ನೊಂದು ಚೂರು ಜೀನು ಸೇರಿಸಿ ಹೊಲಿದು, ಬ್ಯಾಕ್ಟೀರಿಯಾದೊಳಗಿಟ್ಟು ಬೆಳೆಸುತ್ತಾರೆ. ಆಗ ಬರುವ ಕಿಣ್ವಕ್ಕೆ ಒಂದು ಸಣ್ಣ ಬಾಲ ಇರುತ್ತದೆ. ಬಾಲವಿದ್ದದ್ದನ್ನು ಜೀವಕೋಶ ಒಳಗೆ ಬಿಟ್ಟುಕೊಳ್ಳುತ್ತದೆ. ಯಾಕೆ ಬಿಟ್ಟುಕೊಳ್ಳುತ್ತದೆ ಎಂಬುದು ಯಾರಿಗೂ ಪೂರ್ತಿ ಗೊತ್ತಿಲ್ಲ. ಶೈಲಾಳ ಕಿಣ್ವ ಗಾಜಿನ ತಟ್ಟೆಯಲ್ಲಿಟ್ಟ ಜೀವಕೋಶಗಳಲ್ಲಿ ಕೆಲಸ ಮಾಡಿತ್ತು, ಇಲಿಗಳಲ್ಲಿ ಕೆಲವದರಲ್ಲಿ ಮಾಡಿತ್ತು, ಕೆಲವದರಲ್ಲಿ ಇಲ್ಲ. ಮನುಷ್ಯರ ಮಾತು ಇನ್ನೂ ಬಹಳ ದೂರ. ಇದನ್ನೆಲ್ಲ ಗಂಡ ಮಹಾದೇವನಿಗೆ ಒಮ್ಮೆ ಬಿಡಿಸಿ ಹೇಳಿದ್ದಳು. ಗದಗಿನ ಮಾರುಕಟ್ಟೆಯಲ್ಲಿ ಹೆಸರು, ಮೆಣಸಿನಕಾಯಿ ದಲಾಲಿ ಮಾಡುವ ಅವನು ಕೇಳಿ, "ಅಂದ್ರ ಬೀಗರ ಮನಿಯೊಳಗ ಹೋಗಾಕ ಒಂದು ವಶೀಲಿ ಬೇಕು, ಹೌದಿಲ್ಲ?" ಎಂದು ನಕ್ಕಿದ್ದ. ಅವಳೂ ನಕ್ಕಿದ್ದಳು, ಆದರೆ ಅಷ್ಟೊಂದು ನಗು ಬಂದಿರಲಿಲ್ಲ.

ಆ ಮನೆಯೊಳಗೆ ಹೋಗಲು ಅವಳಿಗೆ ಯಾವ ವಶೀಲಿಯೂ ಸಿಕ್ಕಿರಲಿಲ್ಲ. ನೀಲಗಂಗವ್ವ ಕೆಟ್ಟವಳಲ್ಲ. ಬೈದವಳಲ್ಲ, ಕೈ ಎತ್ತಿದವಳಲ್ಲ. ಸೊಸೆ ಏನು ಮಾಡುತ್ತಾಳೆಂದು ಬಂದವರು ಕೇಳಿದರೆ, "ಅದೇನೋ ಹುಳ ಸಾಕ್ತಾಳವ್ವ, ಇಲಿಗೆ ಚುಚ್ಚತಾಳ" ಎನ್ನುತ್ತಿದ್ದಳು, ಅಷ್ಟೇ. ಹೇಳುವಾಗ ದನಿಯಲ್ಲಿ ಸಿಟ್ಟಿರುತ್ತಿರಲಿಲ್ಲ, ಮಗನ ಹಣೆಬರಹ ಎಂಬಂಥ ಒಂದು ಸಮಾಧಾನ ಇರುತ್ತಿತ್ತು. ಹಬ್ಬಕ್ಕೆ ಹೋದರೆ ಹೋಳಿಗೆ ತಟ್ಟುವುದು ನೇತ್ರಾಳ ಪಾಲು, ಕಾಯಿಪಲ್ಯ ಹೆಚ್ಚುವುದು ಶೈಲಾಳ ಪಾಲು. ಅದೂ ಸ್ನಾನ ಮಾಡಿ ಬಂದ ಮೇಲೆ. ಇಲಿ ಮುಟ್ಟಿ ಮೂರು ದಿನವಾಗಿದೆ ಎಂದರೆ, "ಆದ್ರೂ ಇರ್ಲಿ, ಬಿಸಿನೀರು ಕಾದಾವು" ಎನ್ನುತ್ತಿದ್ದಳು. ಪಿಎಚ್‌ಡಿ ಬಂದ ದಿನ ಅತ್ತೆಗೆ ಸಕ್ಕರೆ ಹಂಚಲು ಹೋದಾಗ, "ನನಗ ಸಕ್ಕರಿ ಬ್ಯಾನಿ ಐತಲ್ಲವ್ವಾ" ಎಂದಿದ್ದಳು. ಅದು ಸಹಜವಾಗಿ ಬಂದ ಮಾತು. ಆದರೂ ಶೈಲಾ ಅದನ್ನು ಈ ತನಕ ಮರೆತಿರಲಿಲ್ಲ, ಮತ್ತು ಮರೆಯದ್ದಕ್ಕೆ ತನ್ನ ಮೇಲೆ ಅವಳಿಗೆ ಅಸಹ್ಯವಿತ್ತು.

ಕಣ್ಣು ತೋರಿಸಿಕೊಳ್ಳಲು ನೀಲಗಂಗವ್ವ ಗದಗಿಗೆ ಬಂದು ಮಗನ ಮನೆಯಲ್ಲಿ ನಾಲ್ಕು ದಿನ ಉಳಿದಾಗಲೇ ಕಾಲೇಜಿನ ಟ್ರಾನ್ಸ್‌ಫಾರ್ಮರು ಸುಟ್ಟಿತು. ಕರೆಂಟು ಬರುವುದು ಎರಡು ದಿನ ತಡ ಎಂದರು. ಶೈಲಾ ಶುದ್ಧ ಮಾಡಿಟ್ಟ ಕಿಣ್ವದ ಸಣ್ಣ ಟ್ಯೂಬುಗಳನ್ನು ಐಸಿನ ಡಬ್ಬಿಯಲ್ಲಿಟ್ಟು ಮನೆಗೆ ತಂದು ಫ್ರಿಜ್ಜಿನಲ್ಲಿ, ಮೊಸರಿನ ಗಡಿಗೆಯ ಹಿಂದೆ ಸೇರಿಸಿದಳು. ಅದೇನೆಂದು ಅತ್ತೆ ಕೇಳಿದಳು. ಸಕ್ಕರೆ ಕಾಯಿಲೆಗೆ ತಾನು ಮಾಡುತ್ತಿರುವ ಔಷಧ ಎಂದು ಶೈಲಾ ಹೇಳಿದಳು. ಅಷ್ಟು ಹೇಳುವ ಅಗತ್ಯವಿರಲಿಲ್ಲ. ಪ್ರೋಟೀನು, ಪ್ರಯೋಗ, ಎಂದೇನಾದರೂ ಅಂದಿದ್ದರೆ ಅತ್ತೆ ಆ ಕಡೆ ನೋಡುತ್ತಲೇ ಇರಲಿಲ್ಲ. ಔಷಧ ಎಂಬ ಮಾತು ತಾನು ಯಾಕೆ ಬಳಸಿದೆ ಎಂದು ಈಗ ಬಸ್ಸಿನಲ್ಲಿ ಕೂತು ಯೋಚಿಸಿದರೆ ಉತ್ತರ ಬಹಳ ಸುಲಭವಾಗಿತ್ತು. ಅತ್ತೆ ಊರಿಗೆ ಹೋದ ಮೇಲೆ ಡಬ್ಬಿ ತೆಗೆದು ನೋಡಿದಾಗ ಟ್ಯೂಬು ಸಿಕ್ಕಿಸಿಟ್ಟ ಗುಳಿಗಳಲ್ಲಿ ಅರ್ಧದಷ್ಟು ಖಾಲಿ ಇದ್ದವು. ಕಾಲೇಜಿನಲ್ಲಿ ತನ್ನ ಮೇಲಿನವರಿಗೆ, ಕರೆಂಟು ಹೋಗಿ ಹಾಳಾದವು ಎಂದು ಹೇಳಿದಳು. ಅವರು ನಂಬಿದರು, ಪಾಪ, ಮರುಕಪಟ್ಟರು ಕೂಡ.

ಮರುವಾರ ನೀಲಗಂಗವ್ವನೇ ಫೋನು ಮಾಡಿದಳು. ಅವಳಾಗಿ ಫೋನು ಮಾಡಿದ್ದು ಅದೇ ಮೊದಲು. "ಶೈಲಾ, ಸಿಟ್ಟಾಗಬ್ಯಾಡ, ನಿನ್ನ ಔಷಧ ನಾನ ತಂದೀನಿ. ಕೇಳಿದ್ರ ನೀ ಕೊಡ್ತಿದ್ದಿಲ್ಲ. ಮುಂಜಾನೆ ಲಿಂಗಪೂಜಿ ಆದಮ್ಯಾಲೆ ಲಿಂಗಕ್ಕ ತೋರಿಸಿ, ಪಾದೋದಕದ ಜೋಡಿ ತಗೊಂಡೆ. ಸ್ವಲ್ಪ ಸಿಹಿ ಇತ್ತು. ನಿನ್ನೆ ರಕ್ತ ತಪಾಸ ಮಾಡಿಸಿದ್ರ ಎಷ್ಟು ಚಲೋ ಬಂದೈತಿ ಅಂತೀ! ಮನ್ಯಾಗ ಔಷಧ ಮಾಡಾಕಿ ಇದ್ಲು, ನಾ ಕಣ್ಣಿದ್ದು ಕುರುಡಾಗಿದ್ದೆ ನೋಡವ್ವಾ." ಶೈಲಾಳ ಮೊದಲ ಯೋಚನೆ ಕುಡಿದದ್ದರಿಂದ ಅಪಾಯವಿದೆಯೇ ಎಂಬುದು. ಇರಲಿಲ್ಲ. ಸ್ವಲ್ಪ ಉಪ್ಪು, ಕೆಡದಿರಲೆಂದು ಹಾಕಿದ ಗ್ಲಿಸರಿನ್ನು, ಅದರದ್ದೇ ಆ ಸಿಹಿ, ಮತ್ತು ಒಂದಿಷ್ಟು ಪ್ರೋಟೀನು. ಹೊಟ್ಟೆಗೆ ಹೋದ ಪ್ರೋಟೀನನ್ನು ಹೊಟ್ಟೆ ಅರಗಿಸಿಬಿಡುತ್ತದೆ, ಬಾಲವಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಸಕ್ಕರೆ ಇಳಿದದ್ದು ಗದಗಿನಲ್ಲಿ ನಾಲ್ಕು ದಿನ ಹೊತ್ತಿಗೆ ಸರಿಯಾಗಿ ಸೂಜಿ, ಹೊತ್ತಿಗೆ ಸರಿಯಾಗಿ ರೊಟ್ಟಿ ಆದದ್ದರಿಂದ. ಇದನ್ನು ಎರಡು ಮಾತಿನಲ್ಲಿ ಹೇಳಬಹುದಿತ್ತು. "ಹೌದೇನ್ರಿ ಅತ್ತೀ?" ಎಂದಳು ಶೈಲಾ. ತನ್ನ ದನಿಯಲ್ಲಿನ ಸಂತೋಷ ತನಗೇ ಕೇಳಿಸಿತು. ಆಚೆಯಿಂದ ಅತ್ತೆ, "ಇನ್ನ ಆ ಸೂಜಿ ಕಾಟ ತಪ್ಪಿದಂಗ ಆತು. ಚುಚ್ಚೂ ಔಷಧ ಲಿಂಗಕ್ಕ ತೋರಿಸಿ ಪ್ರಸಾದ ಮಾಡಾಕ ಬರೂದಿಲ್ಲ, ಮೈಯಾಗ ಹೋದಾಗೆಲ್ಲ ನನಗ ಕಸಿವಿಸಿ ಆಕ್ಕಿತ್ತು" ಎಂದಳು. ಆ ಮಾತು ಶೈಲಾಳಿಗೆ ಸ್ಪಷ್ಟವಾಗಿ ಕೇಳಿಸಿತು. ಅಷ್ಟರಲ್ಲಿ ಯಾರೋ ಬಾಗಿಲಲ್ಲಿ ಬಂದು ನಿಂತರು. "ಆತ್ರಿ ಅತ್ತೀ, ಆಮ್ಯಾಲೆ ಮಾತಾಡ್ತೀನಿ" ಎಂದು ಫೋನಿಟ್ಟಳು. ಆಮೇಲೆ ಮಾತಾಡಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಮಹಾದೇವನಿಗೆ ಹೇಳಿದಳು. ಸೂಜಿಯ ಮಾತೊಂದು ಬಿಟ್ಟು ಉಳಿದದ್ದೆಲ್ಲ ಹೇಳಿದಳು. ಅವನು ಹೊಟ್ಟೆ ಹಿಡಿದು ನಕ್ಕ. "ಹಂಗಾದ್ರ ಏನೂ ಆಗಂಗಿಲ್ಲಲ್ಲ? ಮತ್ತ ಬಿಡು. ನಮ್ಮವ್ವ ನಿನ್ನ ಹೊಗಳಿದ್ದು ನಾ ಈಗ ಮೊದಲ ಕೇಳಾಕತ್ತೀನಿ. ಅದನ್ಯಾಕ ಕೆಡಸ್ತಿ?" ಅವನಿಗೆ ಗೊತ್ತಿದ್ದಷ್ಟಕ್ಕೆ ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಸೂಜಿಯ ಮಾತನ್ನು ಯಾಕೆ ಬಿಟ್ಟೆ ಎಂದು ಆ ಹೊತ್ತಿನಲ್ಲಿ ಅವಳು ಕೇಳಿಕೊಳ್ಳಲಿಲ್ಲ. ಅತ್ತೆ ಸುಮ್ಮನೆ ಆಸೆಯ ಮಾತಾಡಿರಬೇಕು, ನಿಜವಾಗಿ ಬಿಟ್ಟಿರಲಿಕ್ಕಿಲ್ಲ, ಬಿಟ್ಟರೆ ನೇತ್ರಾ ನೋಡಿಕೊಳ್ಳುತ್ತಾಳೆ ಎಂದು ಮನಸ್ಸಿನೊಳಗೆ ಮೂರು ಮೂರು ಕಾರಣ ಸಿದ್ಧವಾಗಿದ್ದವು.

ಶಿರಹಟ್ಟಿಯ ನಿಲ್ದಾಣದಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಡ್ರೈವರು ಚಹಾ ಕುಡಿಯಲು ಹೋದ. ಹಸಿರು ಬಳೆ ತುಂಬಾ ಇಟ್ಟುಕೊಂಡ ಬಸುರಿಯೊಬ್ಬಳು ತಾಯಿಯ ಜೊತೆ ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ಆ ಫೋನು ಬಂದು ಕೆಲವು ವಾರಕ್ಕೆ ನಡೆದ ನೇತ್ರಾಳ ಮಗಳ ಕುಬಸದ, ಅಂದರೆ ಸೀಮಂತದ ದಿನವೂ ಅಂಗಳದ ತುಂಬ ಹಸಿರು ಬಳೆಯ ಸದ್ದು. ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಶೈಲಾ ರೂಢಿಯಂತೆ ಹಿತ್ತಿಲ ಕಡೆ ಹೊರಟಿದ್ದಳು. ನೀಲಗಂಗವ್ವ ಎಲ್ಲರ ನಡುವಿನಿಂದ ಕೂಗಿ ಕರೆದಳು. "ಎಲ್ಲಿ ಹೊಂಟಿ? ಬಾ ಇಲ್ಲಿ. ಮೊದಲ ಉಡಿ ನೀ ತುಂಬು. ನನ್ನ ಸಣ್ಣ ಸೊಸಿ ಇಕಿ, ಸಕ್ಕರಿ ಬ್ಯಾನಿಗೆ ಔಷಧ ಕಂಡಹಿಡಿದಾಕಿ." ಶೈಲಾ ಹುಡುಗಿಯ ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿದಳು. ಎಲ್ಲರೂ ನೋಡುತ್ತಿದ್ದರು. ಅವಳಿಗೆ ಅತಿಯಾದ ಸುಖವಾಯಿತು, ಅದನ್ನು ಬೇರೆ ಹೆಸರಿನಿಂದ ಕರೆಯುವುದರಲ್ಲಿ ಅರ್ಥವಿಲ್ಲ. ಆಮೇಲೆ ಊಟದ ಪಂಕ್ತಿಯಲ್ಲಿ ಅತ್ತೆಯ ಪಕ್ಕದಲ್ಲೇ ಕೂತಳು. ಅತ್ತೆ ಒಂದು ತಂಬಿಗೆ ನೀರು ಎತ್ತಿ ಗಟಗಟ ಕುಡಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ತಂಬಿಗೆ ತರಿಸಿದಳು. ಎರಡು ಸಲ ಹಿತ್ತಿಲಿಗೆ ಎದ್ದು ಹೋದಳು. ಅವಳ ರವಿಕೆಯ ತೋಳು ಸಡಿಲಾಗಿ ಜೋತುಬಿದ್ದಿತ್ತು. ಬಾಯಾರಿಕೆ ಅಂದರೇನು, ಮೈ ಇಳಿಯುವುದು ಅಂದರೇನು ಎಂದು ಆ ಅಂಗಳದಲ್ಲಿದ್ದ ಅಷ್ಟೂ ಜನರಲ್ಲಿ ಅವಳೊಬ್ಬಳಿಗೇ ಸರಿಯಾಗಿ ಗೊತ್ತಿತ್ತು. ನೋಡಿದಳು. ನೋಡಿ, ಬಿಸಿಲು ಜೋರಾಗಿದೆ ಎಂದುಕೊಂಡು, ಅತ್ತೆ ಎಲೆಗೆ ಬಡಿಸಿದ ಹೋಳಿಗೆಗೆ ತುಪ್ಪ ಹಾಕಿಸಿಕೊಂಡಳು.

ಲಕ್ಷ್ಮೇಶ್ವರದಲ್ಲಿ ಇಳಿದು ಓಣಿಯೊಳಗೆ ನಡೆಯುವಾಗ ಒಂದೇ ಮಾತನ್ನು ಮನಸ್ಸಿನಲ್ಲೇ ಬೇರೆ ಬೇರೆ ರೀತಿ ಹೇಳಿ ನೋಡಿದಳು. ಎಲ್ಲದರಲ್ಲೂ ತಾನು ಸ್ವಲ್ಪ ಒಳ್ಳೆಯವಳಾಗಿಯೇ ಕಾಣುತ್ತಿದ್ದಳು. ಬಾಗಿಲಲ್ಲಿ ನೇತ್ರಾ ನಿಂತಿದ್ದಳು, ಏನೂ ಕೇಳದೆ ಒಳಗೆ ಬಿಟ್ಟಳು. ಪಡಸಾಲೆಯಲ್ಲಿ ನೀಲಗಂಗವ್ವ ಕಂಬಕ್ಕೆ ಒರಗಿ, ಬಲಗಾಲನ್ನು ದಿಂಬಿನ ಮೇಲಿಟ್ಟು ಕೂತಿದ್ದಳು. ಎದುರಿಗೆ ಓಣಿಯ ಬಳೆಗಾರ್ತಿ ಗುಲಾಬಬಿ. ಇಬ್ಬರೂ ಹರೆಯದಲ್ಲಿ ಒಂದೇ ಓಣಿಗೆ ಸೊಸೆಯಂದಿರಾಗಿ ಬಂದವರು, ಸಕ್ಕರೆ ಕಾಯಿಲೆಯೂ ಇಬ್ಬರಿಗೂ ಹೆಚ್ಚುಕಡಿಮೆ ಒಟ್ಟಿಗೇ ಬಂದದ್ದು. ಇಬ್ಬರ ನಡುವೆ ನೆಲದ ಮೇಲೆ ಒಂದು ಹಿತ್ತಾಳೆಯ ಬಟ್ಟಲು, ಅದರಲ್ಲಿ ಶೈಲಾಳ ಟ್ಯೂಬು. ನೀಲಿ ಮುಚ್ಚಳ, ಮೇಲೆ ಅವಳದೇ ಕೈಬರಹ.

"ನೋಡು, ಹೇಳಿ ಕಳಿಸಿದಂಗ ಬಂದ್ಲು" ಎಂದು ನೀಲಗಂಗವ್ವನ ಮುಖ ಅರಳಿತು. "ಗುಲಾಬಬಿಗಂತ ಒಂದು ಎತ್ತಿಟ್ಟಿದ್ದೆ. ಇಕಿಗೆ ಧೈರ್ಯನ ಬರವಲ್ದು."

"ನನ್ನ ಹತ್ರ ಲಿಂಗ ಎಲ್ಲೈತಿ ಶೈಲವ್ವಾ?" ಎಂದಳು ಗುಲಾಬಬಿ. "ಹೆಂಗ ತಗೊಳ್ಳಲಿ ಅಂತ ಕೇಳಿದ್ರ, ನಾ ಲಿಂಗಕ್ಕ ತೋರಿಸಿ ಕೊಡ್ತೀನಿ, ನೀ ಬಿಸ್ಮಿಲ್ಲಾ ಅಂದು ಕುಡಿ ಅಂತಾಳ ನಿಮ್ಮತ್ತಿ. ಎರಡೂ ದೇವರು ಕೂಡಿ ನನ್ನ ಮ್ಯಾಲ ಸಿಟ್ಟಾದ್ರ ಏನ ಮಾಡ್ಲಿ?"

ಇಬ್ಬರೂ ನಕ್ಕರು. ಶೈಲಾ ನಗಲಿಲ್ಲ. "ಅತ್ತೀ, ಒಳಗ ಬರ್ರಿ, ಒಂದು ಮಾತು ಹೇಳೂದೈತಿ" ಎಂದಳು.

"ಕಾಲಿಗೆ ಗಾಯ ಐತಿ, ಏಳಾಕ ಆಗೂದಿಲ್ಲ. ಇಲ್ಲೇ ಹೇಳು. ಗುಲಾಬಬಿ ಏನು ಹೊರಗಿನಾಕಿ?"

ಶೈಲಾ ನೆಲದ ಮೇಲೆ ಕೂತಳು. ಸಿದ್ಧ ಮಾಡಿಕೊಂಡು ಬಂದ ಮಾತು ಒಂದೂ ನೆನಪಾಗಲಿಲ್ಲ. "ಗುಲಾಬಬಿ, ಅದನ್ನ ಕುಡೀಬ್ಯಾಡ್ರಿ. ನಿಮ್ಮ ಗುಳಿಗಿ ತಗೊಳ್ಳಾಕತ್ತೀರೋ ಬಿಟ್ಟೀರೋ?"

"ನಿನ್ನೆಯಿಂದ ಬಿಟ್ಟೀನಿ. ಹೊಟ್ಟಿ ಖಾಲಿ ಇರಬೇಕಂದ್ಲು."

"ಈಗ ಹೋಗಿ ತಗೋರಿ. ಅತ್ತೀ, ಅದು ಔಷಧ ಅಲ್ರಿ. ಔಷಧ ಆಗೂದು ಇನ್ನೂ ಎಷ್ಟೋ ವರ್ಷ ಐತಿ, ಆದ್ರ ಆತು, ಇಲ್ಲಂದ್ರ ಇಲ್ಲ. ಆದ್ರೂ ಅದು ಚುಚ್ಚೂದ, ಕುಡಿಯೂದಲ್ಲ. ಕುಡಿದ್ರ ಅದು..." ಇಲ್ಲಿ ಅವಳಿಗೆ ತತ್ತಿ ಎಂಬ ಮಾತು ಬಾಯಿಗೆ ಬಂದಿತ್ತು. ತರಗತಿಯಲ್ಲಿ ಯಾವಾಗಲೂ ಅದನ್ನೇ ಹೇಳುತ್ತಿದ್ದಳು. ಮೊಟ್ಟೆ ಮುಟ್ಟದ ಈ ಮನೆಯಲ್ಲಿ ಹೇಳುವ ಮಾತಲ್ಲ ಅದು. "ಕುಡಿದ್ರ ಅದು ಹೆಸರುಬ್ಯಾಳಿ ಕಟ್ಟು ಕುಡದಂಗ. ಅರ್ಧ ಚಮಚ ಬ್ಯಾಳಿ ನೀರು. ಹೊಟ್ಟಿ ಅದನ್ನ ಅರಗಸ್ತೈತಿ, ಮುಗೀತು. ಇನ್ಸುಲಿನ್ನೂ ಅದಕ್ಕ ಚುಚ್ಚೂದು. ಲಿಂಗಕ್ಕ ತೋರಿಸಿ ಕುಡಿಯೂದಾಗಿದ್ರ ಡಾಕ್ಟರ ಯಾಕ ಚುಚ್ಚಾಕ ಹೇಳ್ತಿದ್ರು?"

ಕೊನೆಯ ಮಾತು ಒರಟಾಯಿತು. ಗುಲಾಬಬಿ ಬಟ್ಟಲನ್ನು ಮೆಲ್ಲಗೆ ತನ್ನಿಂದ ದೂರ ಸರಿಸಿದಳು. ನೀಲಗಂಗವ್ವ ಕೊರಳಿನ ಲಿಂಗದ ಮೇಲೆ ಕೈಯಿಟ್ಟುಕೊಂಡಳು. ಸೊಸೆ ಹೇಳಿದ್ದು ಅವಳಿಗೆ ಪೂರ್ತಿ ತಿಳಿಯಿತೆಂಬುದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವಳು ದಡ್ಡಿಯಲ್ಲ. ಗಂಡ ಸತ್ತ ಮೇಲೆ ಮಕ್ಕಳು ಕೈಗೆ ಬರುವ ತನಕ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತು ವ್ಯಾಪಾರ ಮಾಡಿದವಳು. ಈಗ ಕೇಳುತ್ತಾಳೆ ಎಂದು ಶೈಲಾ ಕಾದಳು. ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಬೇಕು, ಯಾರೇ ಆದರೂ ಅದನ್ನೇ ಕೇಳುತ್ತಾರೆ.

ನೀಲಗಂಗವ್ವ ಅದನ್ನು ಕೇಳಲಿಲ್ಲ. "ಊರ ತುಂಬ ಹೇಳಿಕೊಂಡು ಬಂದೆ" ಎಂದಳು. ಆಮೇಲೆ, "ನಿನ್ನ ಕೇಳದ ತಂದಾಕಿ ನಾನು. ಸೊಸಿ ಮನ್ಯಾಗ ಕಳವು ಮಾಡಿದಂಗ ಆತು ಅದು. ಕಳವಿನ ಮಾಲು ಲಿಂಗಕ್ಕ ತೋರಿಸಿದ್ರ ಅದು ಹೆಂಗ ಹತ್ತೀತು? ನಿಂದೇನು ತಪ್ಪು, ಬಿಡು."

ಶೈಲಾಳಿಗೆ ಒಳಗೆ ಏನೋ ಸಡಿಲಾದಂತಾಯಿತು. ಉಸಿರು ಸಲೀಸಾಯಿತು. ಅದು ಬಿಡುಗಡೆ ಎಂದು ತಿಳಿದ ಕೂಡಲೇ ನಾಚಿಕೆಯೂ ಆಯಿತು, ಆದರೆ ಬಿಡುಗಡೆಯೇ ಮೊದಲು ಬಂದದ್ದು. ಎದ್ದು ನಿಂತು ಚುರುಕಾಗಿ ಕೆಲಸಕ್ಕೆ ಬಿದ್ದಳು. ಕಾಲು ತೋರಿಸಿರಿ ಎಂದಳು. ಅರಿವೆ ಬಿಚ್ಚಿದಾಗ ವಾಸನೆ ಬಂತು. ಹೆಬ್ಬೆರಳಿನ ಪಕ್ಕದ ಬೆರಳು ಕಪ್ಪಾಗಿತ್ತು, ಪಾದದ ಮೇಲೆ ಕೆಂಪು ಏರಿತ್ತು. ಮುಟ್ಟಿದರೆ ಅತ್ತೆಗೆ ನೋವೇ ಇರಲಿಲ್ಲ. ನೋವಿಲ್ಲದ್ದೇ ಕೆಟ್ಟದ್ದು ಎಂದು ಶೈಲಾಳಿಗೆ ಗೊತ್ತಿತ್ತು. ನೇತ್ರಾ ಬಸುರಿ ಮಗಳನ್ನು ಮನೆಯಲ್ಲಿ ಒಬ್ಬಳನ್ನೇ ಬಿಡುವ ಹಾಗಿರಲಿಲ್ಲ. ಹೀಗಾಗಿ ಆಟೋ ತರಿಸಿ ಶೈಲಾ, ಗುಲಾಬಬಿ ಇಬ್ಬರೂ ಸೇರಿ ನೀಲಗಂಗವ್ವನನ್ನು ಬಜಾರದ ದವಾಖಾನೆಗೆ ಕರೆದುಕೊಂಡು ಹೋದರು. ಆಟೋದಲ್ಲಿ ನೀಲಗಂಗವ್ವ ಸೊಸೆಯ ತೋಳು ಹಿಡಿದುಕೊಂಡೇ ಇದ್ದಳು. "ರಜಾ ಹಾಕಿ ಬಂದ್ಯೇನು? ಏನಾರ ಅಂದಾರು ನಿಮ್ಮ ಕಾಲೇಜಿನಾಗ" ಎಂದಳು. ಇಷ್ಟು ಮೆತ್ತಗೆ ಅವಳು ಯಾವತ್ತೂ ಮಾತಾಡಿರಲಿಲ್ಲ. ಇದನ್ನು ಇಟ್ಟುಕೊಳ್ಳಬಹುದು ಎಂದು ಶೈಲಾಳಿಗೆ ಹೊಳೆಯಿತು. ಔಷಧದ ಮಾತು ಹೋಯಿತು, ಆದರೆ ಈ ಕೈ ತೋಳಿನ ಮೇಲೇ ಇದೆ. ಸುಮ್ಮನಿದ್ದರೆ ಇರುತ್ತದೆ.

ದವಾಖಾನೆಯ ವೈದ್ಯ ಇನ್ನೂ ಎಳೆಯ, ಮಾತಿನಲ್ಲಿ ಸಂಕೋಚವಿಲ್ಲದವನು. ಬೆರಳ ತುದಿಗೆ ಚುಚ್ಚಿ ರಕ್ತ ತೆಗೆದು ನೋಡಿ, "ಮಷೀನಿನಾಗ ನಂಬರ್ ಬರವಲ್ದು, ಅಳತಿ ಮೀರಿ ಹೋಗೈತಿ" ಎಂದ. ಕಾಲು ನೋಡಿದ. ಅಲ್ಲೇ ಇನ್ಸುಲಿನ್ ಕೊಟ್ಟು, ಕೈಗೆ ಸಲೈನು ಹಚ್ಚಿದ. "ಅಮ್ಮಾರ, ಇದನ್ನ ಇಲ್ಲಿ ನೋಡಾಕ ಬರೂದಿಲ್ಲ. ಇವತ್ತ ಗದಗಿಗೆ ಹೋಗ್ರಿ, ಚೀಟಿ ಬರದು ಕೊಡ್ತೀನಿ. ಒಂದು ಬೆರಳು ಅಂತೂ ಉಳಿಯೂದಿಲ್ಲ. ಅಷ್ಟಕ್ಕ ಮುಗಿದ್ರ ಪುಣ್ಯ, ಪಾದಕ್ಕ ಏರಿರಬಾರದು. ಸೂಜಿ ಯಾಕ ಬಿಟ್ರಿ?"

"ನನ್ನ ಬುದ್ಧಿಗೇಡಿತನ" ಎಂದಳು ನೀಲಗಂಗವ್ವ. "ಕೇಳದ ಒಂದು ವಸ್ತು ತಗೊಂಡಿದ್ದೆ. ಅದಕ್ಕ ದೇವರು ಬೆರಳು ಕೇಳಾಕತ್ತಾನ. ಕೊಡ್ತೀನಿ ತಗೋ." ಇದನ್ನು ಅವಳು ಅಳದೆ, ಸರಿಯಾದ ಬೆಲೆ ಎಂಬಂತೆ ಹೇಳಿದಳು. ವೈದ್ಯನಿಗೆ ಅರ್ಥವಾಗಲಿಲ್ಲ. ಅವನು ಶೈಲಾಳ ಕಡೆ ತಿರುಗಿದ.

"ನೀವು ಯಾರ್ರಿ? ಮನ್ಯಾಗ ಇಷ್ಟು ನೀರು ಕುಡಿಯಾಕತ್ತಿದ್ರು, ಇಷ್ಟು ಇಳದು ಹೋಗ್ಯಾರ, ಯಾರೂ ನೋಡಲಿಲ್ಲೇನು?"

"ನನ್ನ ಸಣ್ಣ ಸೊಸಿ" ಎಂದಳು ನೀಲಗಂಗವ್ವ, ಶೈಲಾ ಬಾಯಿ ತೆರೆಯುವ ಮೊದಲೇ. "ಅಕಿಗೆ ಏನೂ ಅನಬ್ಯಾಡ್ರಿ. ಅಕಿ ಗದಗಿನಾಗ ಇರ್ತಾಳ. ಅಕಿಗೇನು ಗೊತ್ತು? ಗೊತ್ತಾದ ಕೂಡ್ಲೆ ಓಡಿ ಬಂದಾಳ."

ಗೋಡೆಯ ಮೇಲೆ ಒಂದು ಫ್ಯಾನು ತಿರುಗುತ್ತಿತ್ತು. ಮಂಚದ ಕಾಲ ಬಳಿ ಗುಲಾಬಬಿ ನಿಂತಿದ್ದಳು. ವೈದ್ಯ ಆಗಲೇ ಬರೆಯಲು ಶುರು ಮಾಡಿದ್ದ, ಅವನಿಗೆ ಉತ್ತರ ಬೇಕಿರಲಿಲ್ಲ. ಯಾರಿಗೂ ಬೇಕಿರಲಿಲ್ಲ. ಅತ್ತೆ ಒಂದು ಬೆರಳನ್ನು 'ಕಳವಿಗೆ' ಸರಿಗಟ್ಟಿ ಲೆಕ್ಕ ಮುಗಿಸಿದ್ದಳು. ಅವಳು ಸಾಯುವ ತನಕ ಹಾಗೆಯೇ ತಿಳಿದುಕೊಂಡಿರುತ್ತಾಳೆ, ಪ್ರತಿದಿನ ಲಿಂಗದ ಮುಂದೆ ಕೂತು ತಪ್ಪೊಪ್ಪಿಕೊಳ್ಳುತ್ತಾಳೆ, ಮತ್ತು ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಊಟಕ್ಕೆ ಬಡಿಸುತ್ತಾಳೆ. ಶೈಲಾಳಿಗೆ ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಒಳ್ಳೆಯತನದಿಂದ ಅಲ್ಲ. ಆ ಊಟ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಗೊತ್ತಾದದ್ದರಿಂದ.

"ನನಗ ಗೊತ್ತಿತ್ರಿ" ಎಂದಳು.

ವೈದ್ಯ ತಲೆಯೆತ್ತಿದ.

"ಫೋನಿನಾಗ ಅತ್ತಿ ಸೂಜಿ ಮಾತು ಅಂದಿದ್ರು, ನನಗ ಕೇಳಿಸಿತ್ತು. ಕುಬಸದ ದಿನ ತಂಬಗಿ ಮ್ಯಾಲ ತಂಬಗಿ ನೀರು ಕುಡಿಯೂದು ನೋಡಿದ್ದೆ. ಸೂಜಿ ಬಿಟ್ಟಾರಂತ ಅವತ್ತ ಗೊತ್ತಾಗಿತ್ತು. ಹೇಳಿದ್ರ ಔಷಧದ ಮಾತೂ ಹೇಳಬೇಕಾಗ್ತಿತ್ತು. ಅತ್ತಿ ಎಲ್ಲಾರ ಮುಂದ ನನ್ನ ಹೊಗಳಾಕತ್ತಿದ್ರು. ನನಗದು ಬೇಕಾಗಿತ್ತು. ಅದಕ್ಕ ಸುಮ್ನಿದ್ದೆ." ಆಮೇಲೆ ಅತ್ತೆಯ ಕಡೆ ತಿರುಗಿ, "ನೀವು ಕಳವು ಮಾಡಿದ್ದಕ್ಕಲ್ರಿ ಅತ್ತೀ, ಇದು ನನ್ನಿಂದ ಆದದ್ದು" ಎಂದಳು.

ನೀಲಗಂಗವ್ವ ಅವಳನ್ನು ನೋಡಿದಳು. ಸಿಟ್ಟಿನಿಂದಲ್ಲ. ಯಾರದೋ ಗುರುತು ಹಿಡಿಯಲು ನೋಡುವಂತೆ ನೋಡಿದಳು. ಸಲೈನು ಹಚ್ಚದ ಕೈ ಇಷ್ಟು ಹೊತ್ತು ಶೈಲಾಳ ಮುಂಗೈಯ ಮೇಲಿತ್ತು. ಅದನ್ನು ತೆಗೆದು ತನ್ನ ಎದೆಯ ಮೇಲಿಟ್ಟುಕೊಂಡಳು. ಒಂದು ಬೈಗುಳ ಬಂದಿದ್ದರೂ ಶೈಲಾ ಅದನ್ನು ಹಿಡಿದುಕೊಂಡು ನಿಲ್ಲುತ್ತಿದ್ದಳು.

ವೈದ್ಯ ಮುಜುಗರದಿಂದ ಬೇಗ ಬೇಗ ಬರೆದು ಮುಗಿಸಿದ. ಗದಗಿನಲ್ಲಿ ಯಾರನ್ನು ಕಾಣಬೇಕು, ದಾರಿಯಲ್ಲಿ ಏನು ಕೊಡಬೇಕು, ಏನು ಕೊಡಬಾರದು ಎಂದು ಹೇಳಿ, ಓದು ಬಲ್ಲವಳೆಂದು ಚೀಟಿಯನ್ನು ಶೈಲಾಳ ಕಡೆ ಚಾಚಿದ. ಅವಳು ಕೈ ನೀಡಿದಳು. ನಡುವೆ ನೀಲಗಂಗವ್ವನ ಕೈ ಬಂತು. ಚೀಟಿಯನ್ನು ಇಸಿದುಕೊಂಡು, ಕಾಲ ಬಳಿ ನಿಂತಿದ್ದ ಗೆಳತಿಗೆ ಕೊಟ್ಟಳು.

"ನೀ ಇಟ್ಕೋ ಗುಲಾಬಬಿ" ಎಂದಳು.

ಗುಲಾಬಬಿಗೆ ಓದಲು ಬರುವುದಿಲ್ಲ. ಅವಳು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು, ಒಮ್ಮೆ ಶೈಲಾಳ ಮುಖ ನೋಡಿದಳು. ಆಮೇಲೆ ಅದನ್ನು ಸಣ್ಣದಾಗಿ ಮಡಚಿ, ಸೆರಗಿನ ತುದಿಯಲ್ಲಿ ಗಂಟು ಹಾಕಿ ಕಟ್ಟಿಕೊಂಡಳು.